ಬಾಟಲಿ ಕಂಪನಿಯದು, ಒಳಗಿನದು ಚಿಕ್ಕಮ್ಮನದು

ಓಣಿಯವರೆಲ್ಲ ನಮ್ಮ ಚಿಕ್ಕಮ್ಮನನ್ನು ಸಿಪ್ಪೆ ಚಿಕ್ಕಮ್ಮ ಎಂದೇ ಕರೆಯುವುದು. ಬೆನ್ನ ಹಿಂದೆಯಲ್ಲ, ಎದುರಿಗೇ. ಅವಳೂ ಬೇಸರವಿಲ್ಲದೆ ಓಗೊಡುತ್ತಾಳೆ. ಬೆಳಿಗ್ಗೆ ಹಾಲಿಗೆಂದು ಮೆಟ್ಟಿಲಿಳಿದವಳು ವಾಪಸು ಹತ್ತುವಾಗ ಒಂದು ಕೈಯಲ್ಲಿ ಹಾಲು, ಇನ್ನೊಂದು ಕೈಯಲ್ಲಿ ಮೂಲೆಯ ಜ್ಯೂಸ್ ಅಂಗಡಿಯವನು ಹಿಂಡಿ ಬಿಟ್ಟ ನಿಂಬೆ, ಕಿತ್ತಳೆ ಸಿಪ್ಪೆಗಳ ಚೀಲ.

"ಏನಮ್ಮಾ, ದಿನಾ ಒಂದು ಚೀಲ ಒಯ್ತೀರಲ್ಲ, ಮನೇಲಿ ಹಸು ಕಟ್ಟಿದ್ದೀರಾ?" ಎಂದು ಅಂಗಡಿಯವನು ಕೆಣಕುತ್ತಾನೆ.

"ಎರಡನೇ ಮಹಡಿಗೆ ಹಸು ಹತ್ತುತ್ತೇನಪ್ಪ? ಗಿಡಕ್ಕೆ ಹಾಕ್ತೀನಿ."

ಅವಳ ಮನೆಯಲ್ಲಿರುವುದು ಒಂದೇ ಗಿಡ. ಅದೂ ಬಾಲ್ಕನಿಯ ಮೂಲೆಯ ಕುಂಡದಲ್ಲಿ, ಬದುಕಲೋ ಬೇಡವೋ ಎಂದು ಯೋಚಿಸುತ್ತ ನಿಂತಿದೆ.

ಸಿಪ್ಪೆಗಳು ಹೋಗುವುದು ಅಡುಗೆಮನೆಯ ಕಿಟಕಿ ಕಟ್ಟೆಗೆ. ಅಲ್ಲಿ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಗಳು ಸಾಲಾಗಿ ಕೂತಿರುತ್ತವೆ. ಒಂದೊಂದರಲ್ಲೂ ಸಿಪ್ಪೆ, ಒಂದಿಷ್ಟು ಸಕ್ಕರೆ, ಕತ್ತಿನವರೆಗೆ ನೀರು. ಹೊಸ ಡಬ್ಬದ ನೀರು ಮಬ್ಬುಮಬ್ಬು, ಹಳೆಯದರದು ತಿಳಿಯಾದ ಚಹಾದ ಬಣ್ಣ. ಬೆಳಗಿನ ಬಿಸಿಲು ಅವನ್ನು ದಾಟಿ ಎದುರು ಗೋಡೆಗೆ ಬಿದ್ದಾಗ ಇಡೀ ಅಡುಗೆಮನೆ ಒಂದು ಗಳಿಗೆ ಜೇನಿನೊಳಗೆ ಮುಳುಗಿದಂತೆ ಕಾಣುತ್ತದೆ. ಅದನ್ನು ನೋಡುತ್ತ ನಿಲ್ಲಲು ಚಿಕ್ಕಮ್ಮನಿಗೆ ಪುರುಸೊತ್ತಿಲ್ಲ. ಅವಳು ಒಂದೊಂದೇ ಮುಚ್ಚಳವನ್ನು ಸಡಿಲಿಸುತ್ತಾಳೆ. ಬುಸ್, ಬುಸ್ ಎಂದು ಡಬ್ಬಗಳು ಉಸಿರು ಬಿಡುತ್ತವೆ.

ಒಮ್ಮೆ ಅವಳು ಜ್ವರ ಬಂದು ಮಲಗಿದ್ದಾಗ ಈ ಕೆಲಸ ಯಾರಿಗೂ ನೆನಪಾಗಲಿಲ್ಲ. ಮಧ್ಯಾಹ್ನ ಢಮ್ ಎಂದು ಸದ್ದಾಗಿ ಮುಚ್ಚಳವೊಂದು ಸೂರಿಗೆ ಬಡಿಯಿತು, ಸಿಪ್ಪೆಗಳು ಗೋಡೆಗೆ ಅಂಟಿಕೊಂಡವು. ಕೆಳಗಿನ ಟೈಲರ್ ಕತ್ತಿನಲ್ಲಿ ಟೇಪು ತೂಗಾಡಿಸಿಕೊಂಡೇ ಓಡಿಬಂದ.

"ಸಿಲಿಂಡರಾ ಅಜ್ಜಿ?"

"ಇಲ್ಲಪ್ಪ, ನಮ್ಮ ಸೊಸೆಗೆ ಸಿಟ್ಟು ಬಂತು," ಎಂದರು ಚಿಕ್ಕಮ್ಮನ ಅತ್ತೆ, ಕೂತಲ್ಲಿಂದ ಅಲುಗಾಡದೆ. ಆ ಮನೆಯಲ್ಲಿ ಇರುವವರು ಮೂರೇ ಜನ: ಚಿಕ್ಕಮ್ಮ, ಚಿಕ್ಕಪ್ಪ, ಈ ಅಜ್ಜಿ.

ಚಿಕ್ಕಮ್ಮ ತೊಳೆಯುವ ಸಾಮಾನು ಕೊಳ್ಳುವುದೇ ಇಲ್ಲ. ಪಾತ್ರೆ ಉಜ್ಜಲು ಬೇಕರಿಯ ಒಲೆಯ ಬೂದಿ, ಹಳೇ ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಸವೆದ ಸೋಪಿನ ಚೂರುಗಳನ್ನೆಲ್ಲ ತುರಿದು, ಬಿಸಿನೀರಲ್ಲಿ ಕರಗಿಸಿ, ಬಟ್ಟೆಗೊಂದು ಲೋಳೆ. ಕನ್ನಡಿಗೆ ವಿನೆಗರ್ ಮತ್ತು ಹಳೇ ಪೇಪರು. ಸಿಂಕಿಗೆ ಅಡುಗೆ ಸೋಡಾ, ಒಲೆಕಟ್ಟೆಯ ಜಿಡ್ಡಿಗೆ ಡಬ್ಬದ ಸಿಪ್ಪೆ ನೀರು. ವಿನೆಗರನ್ನೂ ಸೋಡಾವನ್ನೂ ಒಟ್ಟಿಗೆ ಸುರಿದು, ಏಳುವ ನೊರೆ ನೋಡಿ ಖುಷಿಪಡುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ. "ಅವೆರಡೂ ಒಂದನ್ನೊಂದು ಜಗಳಾಡಿ ಮುಗಿಸ್ತವೆ ಕಣೇ, ಕೊಳೆ ಆರಾಮಾಗಿ ಕೂತು ನೋಡ್ತಿರುತ್ತೆ," ಅನ್ನುತ್ತಾಳೆ. ಬೇಕರಿಯವನು ಬೂದಿ ಕೊಡುವಾಗ ಬ್ರೆಡ್ಡು ಬೇಡವೇ ಎಂದು ಕೇಳುತ್ತಾನೆ. ಇವಳು ಬೂದಿ ಇನ್ನೂ ಸ್ವಲ್ಪ ಇದೆಯೇ ಎಂದು ಕೇಳುತ್ತಾಳೆ.

ಇಷ್ಟರಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಇದ್ದದ್ದು ನೆಲದ ವಿಷಯದಲ್ಲಿ.

ಚಿಕ್ಕಪ್ಪನ ಕೆಲಸವೇ ನೆಲ ಒರೆಸುವ ದ್ರಾವಣ ಮಾರುವುದು. ಕಂಪನಿಯ ಹೆಸರು ಅಚ್ಚಾದ ದೊಡ್ಡ ಬ್ಯಾಗು, ಒಳಗೆ ನಿಂಬೆಹಳದಿ ಬಣ್ಣದ ಬಾಟಲಿಗಳು. ಅಂಗಡಿ, ಹೋಟೆಲು, ಆಫೀಸು ಎಂದು ದಿನವಿಡೀ ಸುತ್ತಿ, ನೆಲದ ಮೇಲೆ ಚಹಾ ಚೆಲ್ಲಿ, ಅದನ್ನು ತಮ್ಮ ದ್ರಾವಣದಿಂದ ಒರೆಸಿ ತೋರಿಸಿ, ಆರ್ಡರ್ ಬರೆಸಿಕೊಂಡು ಬರುತ್ತಾರೆ. ತಾನು ಚೆಲ್ಲಿದ ಚಹಾವನ್ನು ತಾನೇ ಒರೆಸಿ ಸಂಬಳ ಪಡೆಯುವ ಗಂಡಸು ಊರಲ್ಲಿ ನನ್ನ ಮಗ ಒಬ್ಬನೇ ಎಂದು ಅಜ್ಜಿಗೆ ಹೆಮ್ಮೆ. ಕಂಪನಿ ಅವರಿಗೂ ಬಾಟಲಿಯನ್ನು ಬಿಟ್ಟಿ ಕೊಡುವುದಿಲ್ಲ, ಮನೆಗೆ ಬೇಕಾದ್ದನ್ನು ಅವರೂ ಕೊಳ್ಳಬೇಕು. ಕಮಿಷನ್ ಕಡಿಮೆಯಾದ ವರ್ಷ ಚಿಕ್ಕಮ್ಮ ಮೆಲ್ಲಗೆ ಮಾತೆತ್ತಿದಳು.

"ರೀ, ನೆಲಕ್ಕೂ ನಾನೇ ಮಾಡ್ಕೋತೀನಿ. ಸಿಪ್ಪೆ ನೀರು ಚೆನ್ನಾಗಿ ಕೊಳೆ ತೆಗೆಯುತ್ತೆ."

ಚಿಕ್ಕಪ್ಪ ತಟ್ಟೆಯಿಂದ ಕೈ ಎತ್ತಿದರು. "ಊರಿಗೆಲ್ಲ ಮಾರೋನ ಮನೇಲಿ ಸಿಪ್ಪೆ ನೀರಾ? ಯಾರಾದ್ರೂ ನೋಡಿದ್ರೆ ನನ್ನ ಮುಖ ಎಲ್ಲಿಡಲಿ?"

"ಯಾರೂ ನೋಡಲ್ಲ ಬಿಡಿ," ಎಂದಳು ಚಿಕ್ಕಮ್ಮ. ಚಿಕ್ಕಪ್ಪ ಅದನ್ನು ಒಪ್ಪಿಗೆ ಎಂದುಕೊಂಡರು. ಅದು ಎಚ್ಚರಿಕೆಯಾಗಿತ್ತು.

ಮನೆಯಲ್ಲಿದ್ದ ಕೊನೆಯ ಬಾಟಲಿ ಖಾಲಿಯಾದಾಗ ಅವಳು ಅದನ್ನು ಎಸೆಯಲಿಲ್ಲ. ಸೋಸಿದ ಸಿಪ್ಪೆ ನೀರನ್ನು ಅದಕ್ಕೇ ತುಂಬಿ ಬಚ್ಚಲಿನ ಶೆಲ್ಫಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು. ಬಣ್ಣ ಮಾತ್ರ ಹೊಂದಲಿಲ್ಲ. ಕಂಪನಿಯದು ಹೊಳೆಯುವ ಹಳದಿ, ಇದು ಕಂದು. ಅದಕ್ಕೆ ಒಂದು ಚಿಟಿಕೆ ಅರಿಶಿನ ಹಾಕಿ ಕುಲುಕಿದಳು. ಬಾಟಲಿ ತಟ್ಟನೆ ಕಂಪನಿಯ ಬಾಟಲಿಯಾಯಿತು. ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ ಕಪ್ಪು ಕಲ್ಲಿನ ನೆಲ ಒರೆಸಿದರೆ ಅರಿಶಿನದ ಸುಳಿವೂ ಕಾಣುತ್ತಿರಲಿಲ್ಲ. ಒಮ್ಮೆ ಮಾತ್ರ, ಸೋಡಾ ಹಾಕಿ ತಿಕ್ಕಿದ ಬಚ್ಚಲಿನ ಬಿಳಿ ಮೂಲೆಯ ಮೇಲೆ ಎರಡು ಹನಿ ಬಿದ್ದು, ಅವು ನೋಡನೋಡುತ್ತ ಕೆಂಪಾದವು. ಅರಿಶಿನಕ್ಕೂ ಸೋಡಾಕ್ಕೂ ಆಗಿಬರುವುದಿಲ್ಲ ಎಂದು ಅವಳಿಗೆ ತಿಳಿದದ್ದು ಅವತ್ತೇ. ನಿಂಬೆ ಸಿಪ್ಪೆಯಿಂದ ಉಜ್ಜಿ, ಬಾಯಿ ಮುಚ್ಚಿಕೊಂಡಳು. ಅದನ್ನು ನೋಡಿಬಿಟ್ಟಿದ್ದ ಅಜ್ಜಿಯ ಬಾಯಿಯನ್ನೂ ಆಣೆ ಹಾಕಿಸಿ ಮುಚ್ಚಿಸಿದಳು.

ಚಿಕ್ಕಪ್ಪನಿಗೆ ಅನುಮಾನ ಬರಲಿಲ್ಲ. ಹೊಸ ಬಾಟಲಿ ತರಲೇ ಎಂದಾಗಲೆಲ್ಲ ಹೆಂಡತಿ ಇನ್ನೂ ಇದೆ ಅನ್ನುವುದು ಅವಳ ಜಿಪುಣತನಕ್ಕೆ ಒಪ್ಪುವಂತೆಯೇ ಇತ್ತು. ದಿನವಿಡೀ ಬಾಟಲಿಗಳನ್ನು ಮೂಸಿ ಮೂಸಿ ಅವರ ಮೂಗು ಎಂದೋ ಮರಗಟ್ಟಿತ್ತು. ಸಂಜೆ ಬಾಗಿಲಲ್ಲಿ ಶೂ ಬಿಚ್ಚುತ್ತ ಮನೆಯನ್ನೊಮ್ಮೆ ಆಳವಾಗಿ ಉಸಿರೊಳಗೆ ಎಳೆದುಕೊಂಡು, "ನೋಡಮ್ಮ, ನಮ್ಮ ಕಂಪನಿ ಮಾಲು ಅಂದ್ರೆ ಇದು. ಹೇಗೆ ಘಮ ಘಮ ಅಂತಿದೆ," ಎಂದು ತಾಯಿಗೆ ಹೇಳುತ್ತಿದ್ದರು.

"ಹೌದಪ್ಪ, ಕಂಪನಿ ಬಹಳ ಕಷ್ಟಪಡ್ತಿದೆ," ಎನ್ನುತ್ತಿದ್ದರು ಅಜ್ಜಿ, ಸೊಸೆಯ ಕಡೆ ನೋಡದೆ.

ಹೀಗೆ ವರ್ಷಗಳು ಸುಖವಾಗಿ ಕಳೆದವು. ಆಮೇಲೆ ಕಂಪನಿ ಕಡ್ಡಿ ಮುರಿದಂತೆ ಒಂದು ಮಾತು ಹೇಳಿತು: ಈ ತಿಂಗಳು ದೊಡ್ಡ ಗಿರಾಕಿಯೊಬ್ಬರು ಸಿಗದಿದ್ದರೆ ಏರಿಯಾ ಬೇರೆಯವರಿಗೆ. ಏರಿಯಾ ಹೋದರೆ ಕೆಲಸವೇ ಹೋದಂತೆ. ಆ ವಯಸ್ಸಿನಲ್ಲಿ ಇನ್ನೊಂದು ಬ್ಯಾಗನ್ನು ಯಾರೂ ಅವರ ಹೆಗಲಿಗೆ ಹಾಕುತ್ತಿರಲಿಲ್ಲ. ಚಿಕ್ಕಪ್ಪ ಊಟ ಕಡಿಮೆ ಮಾಡಿದರು, ನಿದ್ದೆಯಲ್ಲಿ "ಮೇಡಂ, ಒಂದೇ ನಿಮಿಷ" ಅನ್ನತೊಡಗಿದರು. ಕೊನೆಗೆ, ತಿಂಗಳಿಗೆ ಇಷ್ಟು ಬಾಟಲಿ ಬೇಕಾಗುತ್ತದೆ ಎಂದು ಅವರು ಲೆಕ್ಕ ಬರೆದುಕೊಟ್ಟು ಬಂದಿದ್ದ ಪೇಟೆಯ ಆಚೆಯ ಆಸ್ಪತ್ರೆಯಿಂದ ಬಂದು ತೋರಿಸಿ ಎಂಬ ಕರೆ ಬಂತು. ಅಲ್ಲಿ ಸಾಮಾನು ಕೊಳ್ಳುವ ಅಧಿಕಾರ ದೊಡ್ಡ ಸಿಸ್ಟರ್ ಕೈಯಲ್ಲಿ. ಅವರು ಹೂಂ ಅಂದರೆ ಪ್ರತಿ ತಿಂಗಳೂ ಆರ್ಡರ್, ಊಹೂಂ ಅಂದರೆ ಮುಗಿಯಿತು.

ಆ ಬೆಳಿಗ್ಗೆ ಚಿಕ್ಕಮ್ಮ ಬೂದಿಗೆಂದು ಬೇಕರಿಗೆ ಹೋಗಿದ್ದಳು. ವಾಪಸು ಬಂದು ನೆಲ ಒರೆಸಲು ಬಚ್ಚಲಿಗೆ ಹೋದರೆ ಶೆಲ್ಫು ಬೋಳು.

"ಅತ್ತೇ, ಇಲ್ಲಿದ್ದ ಬಾಟ್ಲಿ ಎಲ್ಲಿ?"

"ನಿನ್ನ ಗಂಡ ಒಯ್ದ. ಬ್ಯಾಗಲ್ಲಿ ಉಳಿದಿದ್ದ ಒಂದೇ ಸ್ಯಾಂಪಲ್ ಬಾಟ್ಲಿ ಮುಚ್ಚಳ ಬಿಚ್ಕೊಂಡು ಎಲ್ಲಾ ಚೆಲ್ಲಿಹೋಗಿತ್ತಂತೆ."

"ನೀವು ನೋಡ್ತಾ ಸುಮ್ನೆ ಕೂತಿದ್ರಾ?"

"ಮತ್ತೇನು ಮಾಡ್ಲಿ? ಅಪ್ಪಾ ಮಗನೇ, ಅದು ನಿನ್ನ ಹೆಂಡತಿ ಕೊಳೆಸಿದ್ದು, ಇಟ್ಟು ಹೋಗು ಅನ್ಲಾ? ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದು ಯಾರೇ?"

ಚಿಕ್ಕಮ್ಮ ಫೋನ್ ಮಾಡಿದಳು. ಚಿಕ್ಕಪ್ಪನ ಫೋನು ಮಂಚದ ಪಕ್ಕದಲ್ಲಿ, ಚಾರ್ಜರಿಗೆ ಸಿಕ್ಕಿಸಿದಲ್ಲೇ ಕೂಗಿಕೊಂಡಿತು.

"ಯಾಕಿಷ್ಟು ಒದ್ದಾಡ್ತೀಯ? ನೆಲ ಚೆನ್ನಾಗೇ ಹೊಳೆಯುತ್ತಲ್ಲ," ಎಂದರು ಅಜ್ಜಿ.

"ಆಸ್ಪತ್ರೆಯವರು ಸೋಡಾ ಹಾಕಿ ತೊಳೀತಾರೆ ಅತ್ತೆ. ಇವರು ನೀರು ಬೆರೆಸದೆ ಹಾಗೇ ಸುರೀತಾರೆ. ಬಿಳೀ ಟೈಲ್ಸ್ ಮೇಲೆ."

ಅಜ್ಜಿಗೆ ಬಚ್ಚಲಿನ ಮೂಲೆಯ ಆ ಎರಡು ಹನಿ ನೆನಪಾದವು. "ಕೆಂಪಾಗುತ್ತೆ."

"ಹೂಂ."

"ಆಸ್ಪತ್ರೆ ನೆಲ."

"ಹೂಂ ಅತ್ತೆ."

ಅಜ್ಜಿಯ ಭುಜಗಳು ಕುಲುಕಿದವು. "ನಗಬೇಡಿ, ಕೆಲಸದ ಪ್ರಶ್ನೆ," ಎಂದು ಚಿಕ್ಕಮ್ಮ ಚೀಲಕ್ಕೆ ಒಂದು ಹಿಡಿ ನಿಂಬೆ ಸಿಪ್ಪೆ ತುರುಕಿಕೊಂಡು ಇಳಿದಳು. ಬಾಲ್ಕನಿಯಿಂದ ಬಗ್ಗಿ ನೋಡಿದ ಅಜ್ಜಿಗೆ ಸೊಸೆ ಆಟೊ ಹತ್ತುವುದು ಕಂಡಿತು. ಆಗ ಅವರ ನಗು ನಿಂತಿತು. ಆ ಸೊಸೆ ಆಟೊಗೆ ದುಡ್ಡು ಕೊಡುವಷ್ಟು ದೊಡ್ಡ ಗಂಡಾಂತರ ಈ ಮನೆಗೆ ಹಿಂದೆಂದೂ ಬಂದಿರಲಿಲ್ಲ.

ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಅವಳು ಕಂಪನಿಯ ಬಾಟಲಿ ಕೇಳಿದಳು. ಅಂಗಡಿಯವನು ಚಿಕ್ಕಪ್ಪನ ಹಳೇ ಗಿರಾಕಿ.

"ಇದನ್ನ ನನಗೆ ತಂದುಕೊಡೋರೇ ನಿಮ್ಮ ಯಜಮಾನ್ರು. ನೀವು ಬಂದು ನನ್ನ ಹತ್ರ ಕೊಳ್ತಿದ್ದೀರಾ?"

"ಮನೇಲಿ ಮುಗಿದಿದೆ. ಬೇಗ ಕೊಡಿ."

"ಇನ್ನೇನು, ನನ್ನ ಹೆಂಡತಿ ಪಕ್ಕದಂಗಡಿಗೆ ಸಕ್ಕರೆಗೆ ಹೋಗೋದೊಂದು ಬಾಕಿ," ಎಂದು ಅವನು ನಗುತ್ತ ಬಾಟಲಿಯ ಧೂಳು ಒರೆಸತೊಡಗಿದ. ಚಿಕ್ಕಮ್ಮ ದುಡ್ಡಿಟ್ಟು, ಅದನ್ನು ಕಸಿದುಕೊಂಡೇ ರಸ್ತೆ ದಾಟಿದಳು.

ಒಳಗೆ ನಡೆದದ್ದನ್ನು ಚಿಕ್ಕಪ್ಪ ಹೇಳುವುದು ಒಂದು ಥರ, ಚಿಕ್ಕಮ್ಮ ಹೇಳುವುದು ಇನ್ನೊಂದು ಥರ. ಇಲ್ಲಿರುವುದು ಆಸ್ಪತ್ರೆಯ ಆಯಾ ಹೇಳಿದ್ದು. ಅವಳಿಗೆ ಇಬ್ಬರ ಮರ್ಯಾದೆಯ ಚಿಂತೆಯೂ ಇರಲಿಲ್ಲ.

ಉದ್ದನೆಯ ವರಾಂಡ, ಹಾಲಿನಂಥ ಟೈಲ್ಸು, ಗೋಡೆಗೆ ಒರಗಿದ ಬೆಂಚುಗಳ ಮೇಲೆ ತಮ್ಮ ಸರದಿಗೆ ಕಾಯುವ ರೋಗಿಗಳು. ಚಿಕ್ಕಪ್ಪ ಇಸ್ತ್ರಿ ಮಾಡಿದ ಶರ್ಟಿನಲ್ಲಿ ನಿಂತಿದ್ದರು. ಎದುರಿಗೆ ದೊಡ್ಡ ಸಿಸ್ಟರ್, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟುಕೊಂಡು.

"ನೋಡಿ ಮೇಡಂ, ಈಗ ಈ ಚಹಾ ಚೆಲ್ತೀನಿ. ಮೇಲೆ ಶೂ ಹಾಕಿ ತುಳೀತೀನಿ. ನೀವು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ..."

"ನಾನ್ಯಾಕೆ ಕಣ್ಣು ಮುಚ್ಚಲಿ? ನೋಡೋಕೇ ಬಂದಿರೋದು."

"ಹಾಗೇ ಆಗಲಿ ಮೇಡಂ, ತೆರೆದೇ ಇಟ್ಕೊಳ್ಳಿ." ಚಿಕ್ಕಪ್ಪ ಬಾಟಲಿಯನ್ನು ಗಂಭೀರವಾಗಿ ಕುಲುಕಿ, ಧಾರಾಳವಾಗಿ ಸುರಿದು, ಬಟ್ಟೆ ಎಳೆದರು. ಚಹಾ ಹೋಯಿತು. ಅವರು ತಲೆ ಎತ್ತಿ ಮುಗುಳ್ನಕ್ಕರು. ಸಿಸ್ಟರ್ ಮುಗುಳ್ನಗಲಿಲ್ಲ, ನೆಲವನ್ನೇ ನೋಡುತ್ತಿದ್ದರು. ಹಳದಿಯ ಅಂಚಿನಲ್ಲಿ ಮೊದಲು ಒಂದು ಗೆರೆ ಕೆಂಪೇರಿತು. ಆಮೇಲೆ ಅದು ಒಳಗೊಳಗೆ ಹಬ್ಬಿ, ಬಟ್ಟೆ ಹೋದ ದಾರಿಯುದ್ದಕ್ಕೂ ಮೆಲ್ಲಗೆ ಅರಳಿತು. ಬೆಂಚಿನ ಮೇಲಿದ್ದ ರೋಗಿಯೊಬ್ಬ ಬಗ್ಗಿ ತನ್ನ ಕಾಲಿನ ಬ್ಯಾಂಡೇಜನ್ನು ಮುಟ್ಟಿ ನೋಡಿಕೊಂಡ.

"ಏನ್ರೀ ಇದು?"

ಚಿಕ್ಕಪ್ಪ ಇಷ್ಟು ವರ್ಷ ಮಾತಿನಿಂದಲೇ ಬದುಕಿದವರು. ಮಾತು ತಾನಾಗಿ ಹೊರಬಂತು. "ಇದು... ಇದು ಹೊಸ ಮಾಲು ಮೇಡಂ. ಕ್ರಿಮಿ ಸಾಯೋವಾಗ ಹೀಗೆ ಕೆಂಪಗೆ ತೋರಿಸುತ್ತೆ."

"ಓಹೋ. ಹಾಗಾದ್ರೆ ನನ್ನ ವರಾಂಡದಲ್ಲಿ ಇಷ್ಟೊಂದು ಕ್ರಿಮಿ ಇತ್ತು ಅಂತೀರಿ?"

"ಛೇ ಛೇ, ಹಾಗಲ್ಲ ಮೇಡಂ. ಇದ್ವು. ಈಗ ಸತ್ವು."

"ರೀ ಸ್ವಾಮಿ," ಎಂದು ಆಯಾ ಪೊರಕೆ ಹಿಡಿದೇ ಮುಂದೆ ಬಂದಳು. "ಬೆಳಿಗ್ಗೆ ಸೋಡಾ ಹಾಕಿ ತಿಕ್ಕಿ ತಿಕ್ಕಿ ತೊಳೆದಿದ್ದೀನಿ. ಕ್ರಿಮಿ ಇದ್ರೆ ಅವು ನಿಮ್ಮ ಜೊತೆ ಬಂದಿರಬೇಕು."

ಬೆಂಚುಗಳಲ್ಲಿ ಕಾಯಿಲೆ ಮರೆತು ನಗೆ ಎದ್ದಿತು. ಚಿಕ್ಕಪ್ಪನ ಕಿವಿಗಳು ನೆಲದ ಬಣ್ಣಕ್ಕೇ ತಿರುಗಿದವು.

ಚಿಕ್ಕಮ್ಮ ಬಾಗಿಲಲ್ಲಿ ನಿಂತದ್ದು ಆಗಲೇ. ಮೆಟ್ಟಿಲು ಹತ್ತುವಾಗಲೇ ಕ್ರಿಮಿಯ ಕತೆ ಅವಳ ಕಿವಿಗೆ ಬಿದ್ದಿತ್ತು. ಗಂಡ ಕಟ್ಟಿದ ಕತೆಗೆ ತಾನೂ ಒಂದು ಇಟ್ಟಿಗೆ ಇಡಬಹುದಿತ್ತು. ಆದರೆ ಸಿಸ್ಟರ್ ಅದನ್ನು ನಂಬಿದರೆ ಪ್ರತಿ ತಿಂಗಳೂ ಕ್ರಿಮಿ ತೋರಿಸುವ ದ್ರಾವಣವನ್ನೇ ಕೇಳುತ್ತಾರೆ, ನಂಬದಿದ್ದರೆ ಇವತ್ತೇ ಕತ್ತು ಹಿಡಿದು ದಬ್ಬುತ್ತಾರೆ. ಸುಮ್ಮನಿದ್ದರೂ ಕೆಲಸ ಹೋಗುತ್ತದೆ. ನಿಜ ಹೇಳಿದರೆ ಹೋಗುವುದು ಗಂಡನ ಮುಖ, ಮತ್ತು ವರ್ಷಗಳ ತನ್ನ ಗುಟ್ಟು.

"ಸಿಸ್ಟರ್, ಅದು ಅರಿಶಿನ," ಎಂದಳು.

ಎಲ್ಲರೂ ತಿರುಗಿದರು. "ನೀನಿಲ್ಲಿ ಯಾಕೆ?" ಎಂದು ಚಿಕ್ಕಪ್ಪ ಕೇಳಿದ್ದು ಅವರಿಗೇ ಕೇಳಿಸಿತೋ ಇಲ್ಲವೋ.

"ನಾನು ಇವರ ಮನೆಯವಳು. ಆ ಬಾಟ್ಲಿ ಮಾತ್ರ ಕಂಪನಿದು. ಒಳಗಿರೋದು ನಿಂಬೆ, ಕಿತ್ತಳೆ ಸಿಪ್ಪೆ ಕೊಳೆಸಿದ ನೀರು, ನಾನು ಮನೇಲಿ ಮಾಡಿದ್ದು. ಬಣ್ಣಕ್ಕೆ ಅರಿಶಿನ ಹಾಕಿದ್ದೆ. ಸೋಡಾ ತಾಗಿ ಕೆಂಪಾಗಿದೆ. ಇವರಿಗೆ ಏನೂ ಗೊತ್ತಿಲ್ಲ. ಅವಸರದಲ್ಲಿ ಅದನ್ನೇ ತಂದುಬಿಟ್ಟಿದ್ದಾರೆ."

ಚಿಕ್ಕಪ್ಪ ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು. ಆಮೇಲೆ ಹೆಂಡತಿಯನ್ನು. ಆಮೇಲೆ ಮತ್ತೆ ಬಾಟಲಿಯನ್ನು, ಅದರ ಮೂತಿಗೆ ಮೂಗು ಹಿಡಿದು.

ಚಿಕ್ಕಮ್ಮ ಅಷ್ಟರಲ್ಲಿ ನೆಲಕ್ಕೆ ಮಂಡಿಯೂರಿ ಸಿಪ್ಪೆಗಳಿಂದ ಉಜ್ಜತೊಡಗಿದ್ದಳು. ಕೆಂಪು ಹಿಂದೆ ಸರಿದು ಮತ್ತೆ ಹಳದಿಯಾಯಿತು. ಅವಳು ಕೊಂಡು ತಂದ ಬಾಟಲಿಯ ಸೀಲು ಒಡೆದು, ನೀರಿಗೆ ಬೆರೆಸಿ ಒರೆಸಿದಳು. ತೆಳುವಾದ ಒಂದು ಛಾಯೆ ಉಳಿಯಿತು. "ಆ ಬಾಗಿಲು ತೆರೆದಿಡಿ ಸಿಸ್ಟರ್, ಉಳಿದದ್ದು ಬಿಸಿಲಿಗೆ ಹೋಗುತ್ತೆ."

ದೊಡ್ಡ ಸಿಸ್ಟರ್ ಕನ್ನಡಕ ಏರಿಸಿ ನೆಲ ನೋಡಿದರು, ಅದೇ ಕನ್ನಡಕದಿಂದ ಚಿಕ್ಕಪ್ಪನನ್ನೂ ನೋಡಿದರು. "ಕ್ರಿಮಿ ಸಾಯೋವಾಗ ಕೆಂಪಾಗುತ್ತೆ, ಅಲ್ವಾ?"

"ತಪ್ಪಾಯ್ತು ಮೇಡಂ."

"ನಿಮ್ಮ ಮಾತು ಸಾಕು. ನೀವು ಹೇಳಿ ತಾಯಿ, ಇವರ ಕಂಪನಿದು ಹೇಗಿದೆ? ನಿಜ ಹೇಳಿ."

ಬೆಂಚುಗಳಲ್ಲಿದ್ದವರು ಮುಂದಕ್ಕೆ ಬಗ್ಗಿದರು. ಬ್ಯಾಂಡೇಜಿನ ರೋಗಿಯೂ ಕಿವಿ ನಿಮಿರಿಸಿದ. ಆ ದ್ರಾವಣವನ್ನು ಚಿಕ್ಕಮ್ಮ ಕೈಯಲ್ಲಿ ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಎದ್ದು ನಿಂತಳು.

"ಕೊಳೆ ತೆಗೆಯುತ್ತೆ ಸಿಸ್ಟರ್. ಆಸ್ಪತ್ರೆಗೆ ಇದೇ ಸರಿ, ನನ್ನದಲ್ಲ. ನಂದು ಮನೆಗೆ ಸಾಕು, ಕಾಯಿಲೆಯವರು ಓಡಾಡೋ ಜಾಗಕ್ಕೆ ನಾನೇ ಧೈರ್ಯ ಮಾಡಲ್ಲ. ಆದ್ರೆ ಇದರ ವಾಸನೆ ಸ್ವಲ್ಪ ಜಾಸ್ತಿ. ಮತ್ತೆ... ವಾರ್ಡುಗಳಿಗೆ ಬಾಟ್ಲಿ ಮೇಲೆ ಬರೆದಷ್ಟೇ ಹಾಕಿ, ಈ ವರಾಂಡ, ಆಫೀಸಿಗೆಲ್ಲ ಅಷ್ಟು ಬೇಡ. ಅರ್ಧ ಸಾಕು."

ಚಿಕ್ಕಪ್ಪ ಕಣ್ಣು ಮುಚ್ಚಿದರು. ಕಂಪನಿಯಲ್ಲಿ ಅವರಿಗೆ ಕಲಿಸಿದ ಮೊದಲ ಪಾಠವೇ, ಗಿರಾಕಿಗೆ ಒಂದು ಮುಚ್ಚಳ ಹೆಚ್ಚಿಗೆ ಹಾಕಲು ಹೇಳಬೇಕು ಎಂಬುದು.

"ಇವತ್ತು ಬೆಳಿಗ್ಗೆಯಿಂದ ನಾನು ಕೇಳಿದ ಮೊದಲ ನೇರವಾದ ಮಾತು ಇದು," ಎಂದರು ಸಿಸ್ಟರ್. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ನೀವು ಮೊನ್ನೆ ಬರೆದುಕೊಟ್ಟ ಲೆಕ್ಕದಷ್ಟು ಬೇಡ, ಅದರಲ್ಲಿ ಅರ್ಧ ಕಳಿಸಿ. ಪ್ರತಿ ತಿಂಗಳೂ. ಇನ್ಮೇಲೆ ಕ್ರಿಮಿ ಕತೆ ಹೇಳಿದ್ರೆ ಅದೂ ಇಲ್ಲ."

ಅರ್ಧವೇ ಆದರೂ ಏರಿಯಾ ಉಳಿಯಲು ಅಷ್ಟು ಸಾಕಿತ್ತು. ಚಿಕ್ಕಪ್ಪ ಆರ್ಡರ್ ಬರೆಸಿಕೊಂಡು ಅದನ್ನು ಎರಡು ಸಲ ಓದಿಕೊಂಡರು. ಅತ್ತ ಆಯಾ ಚಿಕ್ಕಮ್ಮನ ತೋಳು ಹಿಡಿದು, "ಅಕ್ಕಾ, ಆ ಸಿಪ್ಪೆಗೆ ಸಕ್ಕರೆ ಎಷ್ಟು ಹಾಕ್ತೀರಿ?" ಎಂದು ಪಿಸುಗುಟ್ಟುತ್ತಿದ್ದಳು.

ಹೊರಗೆ ಬಂದ ಮೇಲೆ ಚಿಕ್ಕಪ್ಪ ಬ್ಯಾಗನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಚಿಕ್ಕಮ್ಮನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದರು. ಅವಳು ಹಿಂದೆ ಉಳಿದಾಗ ಮಾತ್ರ ಅಂಗಡಿಯೊಂದರ ಬೋರ್ಡು ಓದುವ ನೆಪದಲ್ಲಿ ನಿಂತರು.

"ಯಾವತ್ತಿಂದ?"

"ನಿಮ್ಮ ಕಮಿಷನ್ ಕಡಿಮೆ ಆದಾಗಿಂದ."

"ಅಮ್ಮಂಗೆ ಗೊತ್ತಾ?"

"ಹೂಂ."

"ಮತ್ತೆ ನಾನು ದಿನಾ ಬಾಗಿಲಲ್ಲಿ ನಿಂತು ಘಮ ಘಮ ಅಂತಿದ್ದಾಗ ನೀವಿಬ್ಬರೂ ಏನ್ಮಾಡ್ತಿದ್ರಿ?"

"ಅತ್ತೆ ನನ್ನ ಮುಖ ನೋಡ್ತಿರಲಿಲ್ಲ. ನಾನು ಒಲೆ ಕಡೆ ತಿರುಗ್ತಿದ್ದೆ."

ಚಿಕ್ಕಪ್ಪ ಗಂಟಲು ಕೆರೆದುಕೊಂಡರು. ನಗುವೋ ಸಿಟ್ಟೋ, ಅವರಿಗೇ ತೀರ್ಮಾನವಾದಂತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಏನೋ ಹೊಳೆದು ತಟ್ಟನೆ ನಿಂತರು.

"ಅಲ್ಲ ಕಣೇ, ನಮ್ಮ ಮಾಲನ್ನ ನೀನು ಬಳಸಿ ಎಷ್ಟೋ ವರ್ಷ ಆಗಿದೆ. ಅರ್ಧ ಸಾಕು ಅಂತ ಹೇಗೆ ಗೊತ್ತಾಯ್ತು ನಿನಗೆ?"

"ಗೊತ್ತಿರಲಿಲ್ಲ," ಎಂದಳು ಚಿಕ್ಕಮ್ಮ. "ಯಾವ ಕಂಪನಿದೇ ಆಗಲಿ, ಮೇಲೆ ಬರೆದದ್ದರಲ್ಲಿ ಅರ್ಧ ಹಾಕೋದೇ ನನ್ನ ಅಭ್ಯಾಸ."

ಚಿಕ್ಕಪ್ಪ ನಡುರಸ್ತೆಯಲ್ಲೇ ಹಿಂದೆ ತಿರುಗಿ ಆಸ್ಪತ್ರೆಯ ಗೇಟಿನ ಕಡೆ ನೋಡಿದರು. ಯಾರೂ ಕೇಳಿಸಿಕೊಂಡಿಲ್ಲ ಎಂದು ಖಾತ್ರಿಯಾದ ಮೇಲೆ ಅವಳ ಚೀಲವನ್ನೂ ತಮ್ಮ ಕೈಗೆ ತೆಗೆದುಕೊಂಡು, "ಬೇಗ ನಡಿ," ಎಂದರು.